ಮೊದಲು ಕಿವಿ, ಆಮೇಲೆ ಹೆಸರು

ಗಿಟಾರನ್ನು ಕೇಳಿ ಕೇಳಿಯೇ ಕಲಿತೆ ಎಂದು ಹೇಳಿದಾಗ ನಮ್ಮ ಮಹಾವಿದ್ಯಾಲಯದಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. 'ಒಳ್ಳೆಯ ಹವ್ಯಾಸ, ಮೊದಲು ಪರೀಕ್ಷೆ ಮುಗಿಯಲಿ' ಎಂಬುದು ಒಂದು. 'ಶಾಸ್ತ್ರ ತಿಳಿಯದೆ ಕಲಿತದ್ದು ಎಷ್ಟು ದಿನ ನಿಂತೀತು?' ಎಂಬುದು ಇನ್ನೊಂದು. ಎರಡನ್ನೂ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಎರಡರ ಹಿಂದೆಯೂ ಒಂದು ನಂಬಿಕೆ ಇದೆ: ಕೇಳಿ ಕಲಿಯುವುದು ಕೆಳಗಿನ ಮೆಟ್ಟಿಲು, ಓದಿ ಕಲಿಯುವುದು ಮೇಲಿನ ಮೆಟ್ಟಿಲು. ವಿಜ್ಞಾನ ವಿಷಯದಲ್ಲಿ ಬೋಧನಾಭ್ಯಾಸ ಮಾಡುತ್ತಿರುವ ನನಗೆ ಈ ನಂಬಿಕೆಯನ್ನು ಪ್ರಶ್ನಿಸಬೇಕು ಎನಿಸಿದೆ. ಕೇಳಿ ಕಲಿಯುವುದಕ್ಕೆ ತನ್ನದೇ ಒಂದು ಕ್ರಮ ಉಂಟು. ಮೊದಲು ಅನುಭವ, ಆಮೇಲೆ ಪ್ರಯತ್ನ, ಕೊನೆಗೆ ಹೆಸರು ಎನ್ನುವುದು ಆ ಕ್ರಮ. ನಮ್ಮ ವಿಜ್ಞಾನದ ತರಗತಿಗಳಲ್ಲಿ ಇದು ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ.

ಮೊದಲು ಆ ಕ್ರಮ ಹೇಗಿರುತ್ತದೆ ಎಂದು ಹೇಳುತ್ತೇನೆ. ನಾನು ಬೇವೂರಿನವನು. ನಮ್ಮ ಕಡೆ ಪೇಟಿ ನುಡಿಸುವವರು, ತಬಲಾ, ಡೊಳ್ಳು ಬಾರಿಸುವವರು ಸಿಗುತ್ತಾರೆ. ಗಿಟಾರ್ ಕಲಿಸುವವರು ನನಗೆ ಸಿಗಲಿಲ್ಲ. ಬಿ.ಎಸ್ಸಿ. ಓದುವಾಗ ಗೆಳೆಯನಿಂದ ಕೊಂಡ ಹಳೆಯ ಗಿಟಾರ್ ಮತ್ತು ಕೈಯಲ್ಲಿದ್ದ ಮೊಬೈಲ್ ಇವೆರಡೇ ನನ್ನ ಸಂಗೀತ ಶಾಲೆ.

ಕೇಳಿ ಕಲಿಯುವವನಿಗೆ ಮೊದಲ ಪಾಠವೆಂದರೆ ತಂತಿಗಳನ್ನು ಶ್ರುತಿ ಮಾಡುವುದು. ಗಿಟಾರಿನ ಆರು ತಂತಿಗಳು ದಪ್ಪದಿಂದ ತೆಳುವಿಗೆ ಸುಮಾರು 82, 110, 147, 196, 247, 330 ಹರ್ಟ್ಸ್‌ಗಳಲ್ಲಿ ಕಂಪಿಸಬೇಕು. ಈ ಅಂಕಿಗಳು ಗೊತ್ತಿಲ್ಲದೆಯೂ ಕೆಲಸ ಆಗುತ್ತದೆ. ದಪ್ಪ ತಂತಿಯನ್ನು ಐದನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಬರುವ ದನಿಯೂ ಅದರ ಪಕ್ಕದ ತಂತಿಯನ್ನು ಒತ್ತದೆ ಮೀಟಿದರೆ ಬರುವ ದನಿಯೂ ಒಂದೇ ಆಗಬೇಕು. ಎರಡನ್ನೂ ಒಟ್ಟಿಗೆ ಮೀಟಿದಾಗ ಸ್ವಲ್ಪ ವ್ಯತ್ಯಾಸ ಇದ್ದರೆ ನಾದ 'ವಾಂವ್, ವಾಂವ್' ಎಂದು ಅಲೆಯಾಗಿ ತೂಗುತ್ತದೆ. ಕಿವಿ ಹಿಂಡಿದಂತೆ ತಂತಿಯ ಕೀಲಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಆ ಅಲೆ ಸಾವಕಾಶವಾಗಿ, ಕೊನೆಗೆ ನಿಂತೇ ಹೋಗುತ್ತದೆ. ನಿಂತಿತೆಂದರೆ ಶ್ರುತಿ ಕೂಡಿತು. ಒಂದು ತಂತಿ 110, ಇನ್ನೊಂದು 112 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಎರಡು ಅಲೆ. ಇದೇ ಪಿಯುಸಿ ಭೌತಶಾಸ್ತ್ರದಲ್ಲಿ ಬರುವ 'ಬೀಟ್ಸ್'. ಸೂತ್ರ ಬರೆದು ಅಂಕ ಪಡೆದದ್ದು ಪಿಯುಸಿಯಲ್ಲಿ. ಅದು ಕಿವಿಗೆ ಬಿದ್ದದ್ದು ಗಿಟಾರ್ ಕೈಗೆ ಬಂದ ಮೇಲೆ.

ಎರಡನೆಯ ಹೆಜ್ಜೆ ಹಾಡು. ಇಡೀ ಹಾಡನ್ನು ಮತ್ತೆ ಮತ್ತೆ ಕೇಳುವುದು, ಗುನುಗುವುದು, ಗುನುಗುತ್ತಾ ಅದರ ಷಡ್ಜ ಯಾವುದೆಂದು ತಂತಿಯ ಮೇಲೆ ಹುಡುಕುವುದು. ಆಮೇಲೆ ನಾಲ್ಕು ಸೆಕೆಂಡಿನ ಒಂದು ತುಣುಕನ್ನು ಆರಿಸಿ, ಮೊಬೈಲಿನಲ್ಲಿ ವೇಗ ಕಡಿಮೆ ಮಾಡಿ, ಇಪ್ಪತ್ತು ಸಲ ಕೇಳಿ, ಇಪ್ಪತ್ತು ಸಲ ನುಡಿಸುವುದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಪ್ಪು ನುಡಿಸಿದರೆ ಯಾರೂ ಕೆಂಪು ಶಾಯಿ ಹಾಕಬೇಕಾಗಿಲ್ಲ. ನನ್ನ ಕೈಯಿಂದ ಬಂದ ದನಿಯೂ ಮೊಬೈಲಿನಿಂದ ಬಂದ ದನಿಯೂ ಹೊಂದುತ್ತಿಲ್ಲವೆಂದು ಕಿವಿಯೇ ಹೇಳುತ್ತದೆ. ಬೋಧಕ, ಪರೀಕ್ಷಕ, ಮರುಪರೀಕ್ಷೆ ಎಲ್ಲವೂ ಅದೇ ನಾಲ್ಕು ಸೆಕೆಂಡಿನಲ್ಲಿವೆ.

ಹೆಸರುಗಳು ಬಂದದ್ದು ತಿಂಗಳುಗಳ ನಂತರ. ಬೆರಳುಗಳು ಹಿಡಿಯುತ್ತಿದ್ದ ಒಂದು ಆಕಾರಕ್ಕೆ 'ಎ ಮೈನರ್' ಎನ್ನುತ್ತಾರೆಂದು, ಅದರ ಪಕ್ಕದ ಇನ್ನೊಂದಕ್ಕೆ 'ಎ ಮೇಜರ್' ಎನ್ನುತ್ತಾರೆಂದು ತಿಳಿಯಿತು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರದ್ದು: ಒಂದರಲ್ಲಿ ಕೋಮಲ ಗಾಂಧಾರ, ಇನ್ನೊಂದರಲ್ಲಿ ಶುದ್ಧ ಗಾಂಧಾರ. ಆ ಹೆಸರು ಕೇಳಿದ ಕೂಡಲೇ ಮನಸ್ಸಿಗೆ ಅಂಟಿತು, ಯಾಕೆಂದರೆ ಅದನ್ನು ಅಂಟಿಸಿಕೊಳ್ಳಲು ಒಳಗೆ ಒಂದು ದನಿ ಆಗಲೇ ಕಾಯುತ್ತಿತ್ತು.

ಇದು ನಮ್ಮ ಸೀಮೆಗೆ ಹೊಸದೇನಲ್ಲ. ಊರ ಜಾತ್ರೆಗೆ ನಾಟಕ ಆಡಿಸುವಾಗ ಪೇಟಿ ಮಾಸ್ತರು ಅಕ್ಷರ ಬಾರದ ಪಾತ್ರಧಾರಿಗೂ ಹತ್ತಾರು ರಂಗಗೀತೆಗಳನ್ನು ಕೂರಿಸುತ್ತಾರೆ. ಒಂದು ಸಾಲು ಅವರು ಹಾಡುತ್ತಾರೆ, ಅದನ್ನೇ ಪಾತ್ರಧಾರಿ ಹಾಡುತ್ತಾನೆ. ಮೊಹರಂ ಹೊತ್ತಿಗೆ ರಿವಾಯತ್ ಪದಗಳನ್ನು ಹಾಡುವ ಮೇಳಗಳು, ಏಕತಾರಿ ಹಿಡಿದು ತತ್ವಪದ ಹಾಡುವವರು, ಭಜನಾ ಮಂಡಳಿಯವರು ಕಲಿತದ್ದೂ ಹೀಗೆಯೇ. ಸ್ವರಲಿಪಿ ಅವರ ನಡುವೆ ಕಾಣಸಿಗುವುದಿಲ್ಲ. ಆದರೆ ಒಬ್ಬ ಹಾಡುಗಾರ ಸ್ವರ ಬಿಟ್ಟರೆ ಉಳಿದವರ ಕತ್ತು ಒಮ್ಮೆಗೇ ಅತ್ತ ತಿರುಗುತ್ತದೆ.

ಪಕ್ಕದ ಜಿಲ್ಲೆ ಗದಗಿಗೆ ಹೋದರೆ ಈ ವಿಧಾನದ ಎತ್ತರ ಕಾಣುತ್ತದೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಹಾಡಿದರು, ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಮುಂತಾದ ಅನೇಕ ವಾದ್ಯಗಳನ್ನು ನುಡಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿದ್ದ ಬಸವರಾಜ ರಾಜಗುರು ಅವರು ಇಡೀ ದೇಶ ಬಲ್ಲ ಗಾಯಕರಾದರು. ಹಾಳೆ ನೋಡಿ ಕಲಿಯಲು ಸಾಧ್ಯವೇ ಇಲ್ಲದ ಮಕ್ಕಳಿರುವ ಕಡೆ ಇಷ್ಟು ಗಟ್ಟಿಯಾದ ಕಲಿಕೆ ನಡೆದಿದೆ. ಕಿವಿಯ ದಾರಿಯನ್ನು 'ಕೆಳಮೆಟ್ಟಿಲು' ಎನ್ನುವ ಮುನ್ನ ಇದನ್ನು ನೆನೆಯಬೇಕು.

ಹೊರಗಿನ ಶಿಕ್ಷಣ ಚಿಂತಕರೂ ಈ ಮಾತಿಗೆ ಬಂದಿದ್ದಾರೆ. ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಜುಕಿ (1898–1998) ಕೇಳಿದ್ದು ಸರಳವಾದ ಪ್ರಶ್ನೆ: ಎಲ್ಲ ಮಕ್ಕಳೂ ತಾಯ್ನುಡಿಯನ್ನು ತೊಡಕಿಲ್ಲದೆ ಕಲಿಯುವುದಾದರೆ, ಅದೇ ರೀತಿಯಲ್ಲಿ ಸಂಗೀತ ಕಲಿಸಬಾರದೇಕೆ? ಮಗು ಮೊದಲು ಕೇಳುತ್ತದೆ, ಆಮೇಲೆ ಆಡುತ್ತದೆ, ಎಷ್ಟೋ ಕಾಲದ ಮೇಲೆ ಓದುತ್ತದೆ. ಅವರ ಪದ್ಧತಿಯಲ್ಲಿ ಸ್ವರಲಿಪಿ ಓದುವುದು ನುಡಿಸುವುದರ ನಂತರವೇ. ಇಂಗ್ಲೆಂಡಿನ ಲೂಸಿ ಗ್ರೀನ್ ಅವರು ಈ ಶತಮಾನದ ಆರಂಭದಲ್ಲಿ ಜನಪ್ರಿಯ ಸಂಗೀತಗಾರರು ಹೇಗೆ ಕಲಿಯುತ್ತಾರೆ ಎಂಬುದನ್ನು ಅಧ್ಯಯನ ಮಾಡಿ, ಧ್ವನಿಮುದ್ರಿಕೆ ಕೇಳಿ ನಕಲು ಮಾಡುವುದೇ ಅವರ ಮುಖ್ಯ ದಾರಿ ಎಂದು ತೋರಿಸಿದರು. ಮುಂದೆ ಆ ದಾರಿಯನ್ನು ಶಾಲೆಯ ಕೋಣೆಗೂ ತಂದರು.

ಈಗ ನಮ್ಮ ತರಗತಿಗೆ ಬರೋಣ. ನನಗೆ ಹಂಚಿಕೆಯಾದ ಪಾಠಗಳಲ್ಲಿ ಎಂಟನೆಯ ತರಗತಿಯ 'ಶಬ್ದ'ವೂ ಇತ್ತು. ಸಾಮಾನ್ಯವಾಗಿ ನಾವು ಈ ಪಾಠವನ್ನು ಹೀಗೆ ನಡೆಸುತ್ತೇವೆ: ಶ್ರುತಿಕವೆ ಒಮ್ಮೆ ಬಡಿದು ತೋರಿಸುತ್ತೇವೆ, ಕಪ್ಪುಹಲಗೆಯ ಮೇಲೆ ಅಲೆಯ ಚಿತ್ರ ಬರೆಯುತ್ತೇವೆ, ಪಾರ ಮತ್ತು ಆವೃತ್ತಿಯ ವ್ಯಾಖ್ಯೆ ಬರೆಸುತ್ತೇವೆ, ಪಾರ ಹೆಚ್ಚಾದರೆ ಗಟ್ಟಿತನ ಹೆಚ್ಚು, ಆವೃತ್ತಿ ಹೆಚ್ಚಾದರೆ ಸ್ಥಾಯಿ ಹೆಚ್ಚು ಎಂದು ಎರಡು ಸಲ ಹೇಳಿಸುತ್ತೇವೆ. ಮೌಲ್ಯಮಾಪನದ ಪ್ರಶ್ನೆಗೆ ಮಕ್ಕಳು ಸರಿಯಾಗಿ ಉತ್ತರಿಸುತ್ತಾರೆ.

ನಾನು ಗಿಟಾರ್ ಒಯ್ದೆ. ಏನನ್ನೂ ಹೇಳದೆ, ದಪ್ಪ ತಂತಿಯನ್ನು ಮೀಟಿ, ಅದನ್ನೇ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿದೆ. ಏನು ಬದಲಾಯಿತು ಎಂದು ಕೇಳಿದೆ.

"ಸರ, ದನಿ ಸಣ್ಣದಾತ್ರಿ" ಎಂದ ಒಬ್ಬ ಹುಡುಗ.

"ಸಣ್ಣದಂದ್ರ? ಕೇಳಸವಲ್ದೇನು?"

"ಹಂಗಲ್ರಿ, ಜೋರಾಗೇ ಕೇಳತೈತ್ರಿ. ಆದ್ರ ಸಣ್ಣದಾಗೇತ್ರಿ."

ಅವನ ಪಕ್ಕದವನು "ದನಿ ಏರೇತ್ರಿ" ಎಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. "ಏರಿಲ್ರಿ ಸರ, ನೀವು ಮೊದಲಿನಷ್ಟೇ ಜೋರಾಗಿ ಹೊಡದೀರಿ" ಎಂದಳು.

ಈ ಜಗಳವೇ ಪಾಠದ ಜೀವ ಎಂದು ನನಗೆ ಅನಿಸಿತು. ನಮ್ಮ ಆಡುಮಾತಿನಲ್ಲಿ 'ದನಿ ಏರಿಸು' ಎಂದರೆ ಜೋರು ಮಾಡು ಎಂದೂ ಆಗುತ್ತದೆ, ಮೇಲಿನ ಸ್ವರಕ್ಕೆ ಹೋಗು ಎಂದೂ ಆಗುತ್ತದೆ. 'ಸಣ್ಣ ದನಿ' ಎಂದರೆ ಮೆಲುದನಿಯೂ ಹೌದು, ಕೀರಲು ದನಿಯೂ ಹೌದು. ಒಂದೇ ಪದ ಎರಡು ಸಂಗತಿಗಳನ್ನು ಹೊತ್ತಿದೆ. ಮಕ್ಕಳ ಕಿವಿ ಅವೆರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತದೆ, ಹೇಳಲು ಬಾಯಿಗೆ ಪದ ಸಾಲುತ್ತಿಲ್ಲ. ಆಮೇಲೆ ಅದೇ ತಂತಿಯನ್ನು ಮೆಲ್ಲಗೆ, ಜೋರಾಗಿ, ಒತ್ತಿ, ಬಿಟ್ಟು ಅವರಿಂದಲೇ ಮೀಟಿಸಿದೆ. ಕಣ್ಣು ಮುಚ್ಚಿ ಕೇಳಿ, ಯಾವುದು ಬದಲಾಯಿತೆಂದು ಕೈಯಿಂದ ತೋರಿಸಬೇಕು: ಜೋರಾದರೆ ಕೈ ಅಗಲ ಮಾಡುವುದು, ಸ್ವರ ಮೇಲೇರಿದರೆ ಕೈ ಮೇಲೆತ್ತುವುದು. ಹದಿನೈದು ನಿಮಿಷದಲ್ಲಿ ಹೆಚ್ಚಿನವರ ಕೈಗಳು ಒಟ್ಟಾಗಿ ಚಲಿಸತೊಡಗಿದವು. ಆಗ 'ಗಟ್ಟಿತನ', 'ಸ್ಥಾಯಿ' ಎಂಬ ಎರಡು ಪದ ಹಲಗೆಯ ಮೇಲೆ ಬರೆದೆ. ಮಕ್ಕಳ ಮಟ್ಟಿಗೆ ಆ ಪದಗಳು ಅವರ ಜಗಳ ತೀರಿಸಲು ಬಂದವುಗಳಾಗಿದ್ದವು.

ವ್ಯಾಖ್ಯೆ ಬೇಡ ಎಂದು ನಾನು ಹೇಳುತ್ತಿಲ್ಲ. ವ್ಯಾಖ್ಯೆಯ ಅಗತ್ಯ ಹುಟ್ಟಿದ ಮೇಲೆ ವ್ಯಾಖ್ಯೆ ಬರಲಿ ಎನ್ನುತ್ತಿದ್ದೇನೆ. ಹನ್ನೆರಡನೆಯ ಫ್ರೆಟ್ ತಂತಿಯ ಸರಿ ಅರ್ಧದಲ್ಲಿದೆ, ಅಲ್ಲಿ ಆವೃತ್ತಿ ಇಮ್ಮಡಿ. 65 ಸೆಂಟಿಮೀಟರ್ ತಂತಿಯಲ್ಲಿ ಅದು ಮೂವತ್ತೆರಡೂವರೆ ಸೆಂಟಿಮೀಟರಿಗೆ ಬರುತ್ತದೆ. ಏಳನೆಯ ಫ್ರೆಟ್‌ನಲ್ಲಿ ಒತ್ತಿದರೆ ಕಂಪಿಸುವ ಭಾಗ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು, ಕೇಳುವುದು ಪಂಚಮ. ಐದನೆಯದರಲ್ಲಿ ನಾಲ್ಕರಲ್ಲಿ ಮೂರು ಪಾಲು, ಕೇಳುವುದು ಮಧ್ಯಮ. ಇದನ್ನು ಅಳತೆಪಟ್ಟಿ ಹಿಡಿದು ಮಕ್ಕಳೇ ಅಳೆಯಬಹುದು. ವಿಲೋಮಾನುಪಾತ ಎಂಬ ಗಣಿತದ ಪದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇದೆಯೇ?

ಗಿಟಾರ್ ಎಲ್ಲ ಶಾಲೆಯಲ್ಲೂ ಎಲ್ಲಿ ಸಿಗಬೇಕು ಎಂದು ನೀವು ಕೇಳಬಹುದು. ಗಿಟಾರ್ ಬೇಕಿಲ್ಲ. ಒಂದು ಹಲಗೆ, ಒಂದು ಉಕ್ಕಿನ ತಂತಿ, ತಂತಿಯ ಕೆಳಗೆ ಸರಿಸಲು ಎರಡು ಮರದ ತುಂಡು, ಮೇಜಿನ ಅಂಚಿನಿಂದ ತೂಗಿಬಿಡಲು ನೀರು ತುಂಬಿದ ಬಾಟಲಿಗಳು ಸಾಕು. ಒಂದು ಲೀಟರಿನ ಒಂದು ಬಾಟಲಿ ತೂಗಿದಾಗ ಬರುವ ಆವೃತ್ತಿ ಇಮ್ಮಡಿಯಾಗಬೇಕಾದರೆ ನಾಲ್ಕು ಬಾಟಲಿ ತೂಗಬೇಕು, ಎರಡು ಸಾಲದು. ಮಕ್ಕಳು ಎರಡೆಂದೇ ಊಹಿಸುತ್ತಾರೆ. ಊಹೆ ಕಿವಿಯ ಮುಂದೆ ಸೋಲುವುದನ್ನು ಅವರು ಕೇಳಲಿ. ರಬ್ಬರ್ ಬ್ಯಾಂಡ್ ಬಳಸುವ ಸಹಪಾಠಿಗಳಿಗೆ ಒಂದು ಸೂಚನೆ: ಅದನ್ನು ಎಳೆದಾಗ ಬಿಗಿತವೂ ಉದ್ದವೂ ಒಟ್ಟಿಗೇ ಹೆಚ್ಚುವುದರಿಂದ ಸ್ವರದ ಬದಲಾವಣೆ ಸ್ಪಷ್ಟವಾಗಿ ಕೇಳುವುದಿಲ್ಲ. ಡಬ್ಬಿಗೆ ಸುತ್ತಿ, ಪೆನ್ಸಿಲ್ ಸರಿಸಿ ಉದ್ದ ಮಾತ್ರ ಬದಲಿಸಿದರೆ ಕೇಳುತ್ತದೆ.

ಇಷ್ಟೆಲ್ಲ ನಮ್ಮ ಪಠ್ಯಕ್ರಮದಲ್ಲಿ ಇಲ್ಲವೇ? ಇದೆ. ನಾವು ಬರೆಯುವ 5ಇ ಮಾದರಿಯ ಪಾಠಯೋಜನೆಯಲ್ಲಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬುದೇ ಅನುಕ್ರಮ. ಅನ್ವೇಷಣೆ ವಿವರಣೆಗಿಂತ ಮೊದಲಿದೆ. ಆದರೆ 40 ನಿಮಿಷದ ಅವಧಿಯನ್ನು ಹಂಚುವಾಗ ಅನ್ವೇಷಣೆಗೆ ಐದು ನಿಮಿಷ, ಅದೂ ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡ ಐದು ನಿಮಿಷ. ಒಬ್ಬ ವಿದ್ಯಾರ್ಥಿಯನ್ನು ಮುಂದೆ ಕರೆದು ಪ್ರಯೋಗ ಮಾಡಿಸಿದರೆ ಉಳಿದ ಐವತ್ತು ಮಂದಿ 'ಅನ್ವೇಷಣೆ' ಮಾಡಿದಂತೆ ಬರೆಯುತ್ತೇವೆ. ನಾಲ್ಕು ಸೆಕೆಂಡಿನ ಸಂಗೀತಕ್ಕೆ ಇಪ್ಪತ್ತು ಪ್ರಯತ್ನ ಬೇಕೆಂದು ಬಲ್ಲವನಿಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ.

ಇದರಲ್ಲಿ ಪ್ರಶಿಕ್ಷಣಾರ್ಥಿಯನ್ನು ಮಾತ್ರ ಹೊಣೆ ಮಾಡಲಾಗದು. ಪಾಠ ವೀಕ್ಷಣೆಯ ನಮೂನೆಯಲ್ಲಿ ಪ್ರಶ್ನೆ ಕೇಳುವಿಕೆಗೆ, ಕಪ್ಪುಹಲಗೆಯ ಬಳಕೆಗೆ, ಪುನರ್ಬಲನಕ್ಕೆ ಅಂಕಣಗಳಿರುತ್ತವೆ. ಶಿಕ್ಷಕ ಸುಮ್ಮನಿದ್ದು ಮಕ್ಕಳು ತೊಡಗಿರುವ ಹತ್ತು ನಿಮಿಷವನ್ನು ಎಲ್ಲಿ ಗುರುತಿಸಬೇಕು? ಕುತೂಹಲದ ಸಂಗತಿಯೆಂದರೆ, ಸೂಕ್ಷ್ಮಬೋಧನೆಯ ಆದ್ಯರಲ್ಲಿ ಒಬ್ಬರಾದ ಡ್ವೈಟ್ ಅಲೆನ್ ಅವರು ಕೆವಿನ್ ರಯಾನ್ ಜೊತೆ 1969ರಲ್ಲಿ ಪಟ್ಟಿ ಮಾಡಿದ ಬೋಧನಾ ಕೌಶಲಗಳಲ್ಲಿ ಮೌನವೂ ಒಂದು. ಪ್ರಶಿಕ್ಷಣಾರ್ಥಿಗಳಾದ ನಾವು ಅದನ್ನು ಅಭ್ಯಾಸ ಮಾಡುವುದು ಕಡಿಮೆ, ಯಾಕೆಂದರೆ ವೀಕ್ಷಕರ ಮುಂದೆ ಮೌನವಾಗಿ ನಿಲ್ಲಲು ಧೈರ್ಯ ಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಕೇಳಿ ಕಲಿತರೆ ಸಾಕೇ ಎಂಬುದು ಮೊದಲನೆಯದು. ಸಾಲದು. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಸಂಗೀತದ ಹುಚ್ಚು ಹಿಡಿಸಿಕೊಂಡವರು. ಆ ಹುಚ್ಚು ಅವರನ್ನು ಮನೆ ಬಿಡಿಸಿ, ಊರೂರು ಅಲೆಸಿ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ತಂದು ನಿಲ್ಲಿಸಿತು. ಕಿವಿ ಅವರಿಗೆ ಹಸಿವನ್ನು ಕೊಟ್ಟಿತು. ಊಟ ಸಿಕ್ಕಿದ್ದು ಗುರುವಿನ ಮನೆಯಲ್ಲಿ. ಮೊಬೈಲ್ ನನ್ನ ಮಣಿಕಟ್ಟಿನ ಬಾಗನ್ನು ನೋಡಲಾರದು, ತಾಳ ತಪ್ಪುವ ಮೊದಲೇ ನನ್ನ ಹೆಗಲು ಬಿಗಿಯುವುದನ್ನು ಗುರುತಿಸಲಾರದು. ಅದಕ್ಕೆ ಶಿಕ್ಷಕ ಬೇಕು. ಬರಹಕ್ಕೂ ಅದರದೇ ಜಾಗವಿದೆ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಹುಡುಕಿ ಹುಡುಕಿ ಸ್ವರಲಿಪಿಯಲ್ಲಿ ಬರೆದಿಡದಿದ್ದರೆ ಎಷ್ಟೋ ರಚನೆಗಳು ಹಾಡುವವರ ಜೊತೆಗೇ ಹೋಗುತ್ತಿದ್ದವು. ಆದರೆ ಅವರು ಕೂಡ ಹಾಡುವವರಿಂದ ಕೇಳಿಯೇ ಬರೆದರು.

ಎರಡನೆಯದು ಪರೀಕ್ಷೆಯ ಆಕ್ಷೇಪ. ಹತ್ತನೆಯ ತರಗತಿಯ ಫಲಿತಾಂಶದ ಒತ್ತಡದಲ್ಲಿರುವ ಶಾಲೆಗೆ ಹದಿನೈದು ನಿಮಿಷ ಎಂದರೆ ದೊಡ್ಡ ಬೆಲೆ. ಒಪ್ಪುತ್ತೇನೆ. ಎಲ್ಲ ಪಾಠಕ್ಕೂ ಇದು ಸಾಧ್ಯವಿಲ್ಲ. ಘಟಕಕ್ಕೆ ಒಂದು ಅವಧಿಯಾದರೂ ಸಾಧ್ಯ. ಸ್ಥಾಯಿಗೂ ಗಟ್ಟಿತನಕ್ಕೂ ವ್ಯತ್ಯಾಸ ಕೇಳಿ ತಿಳಿದ ಮಗುವಿಗೆ ಆ ಎರಡು ವ್ಯಾಖ್ಯೆಗಳನ್ನು ಮರುಪಾಠ ಮಾಡಿಸುವ ಸಮಯ ಮುಂದೆ ಉಳಿಯುತ್ತದೆ.

ಮೂರನೆಯದು ನನಗೆ ಅತಿ ಮುಖ್ಯವೆನಿಸಿದ್ದು: ಕಿವಿ ಕೇಳದ ಮಗು ಆ ತರಗತಿಯಲ್ಲಿದ್ದರೆ? ಸಮನ್ವಯ ಶಿಕ್ಷಣವನ್ನು ಓದುವ ನಾವು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಗಿಟಾರಿನ ಮರದ ಒಡಲ ಮೇಲೆ ಅಂಗೈ ಇಟ್ಟರೆ ದಪ್ಪ ತಂತಿಯ ಕಂಪನವೂ ತೆಳು ತಂತಿಯ ಕಂಪನವೂ ಬೇರೆ ಬೇರೆಯಾಗಿ ತಟ್ಟುತ್ತವೆ. ದಪ್ಪ ತಂತಿ ಮಸುಕಾಗಿ ಅಗಲವಾಗುವುದು ಕಣ್ಣಿಗೆ ಕಾಣುತ್ತದೆ. ಡಬ್ಬಿಯ ಬಾಯಿಗೆ ಬಿಗಿದ ಪ್ಲಾಸ್ಟಿಕ್ ಹಾಳೆಯ ಮೇಲೆ ರವೆ ಉದುರಿಸಿ ಹತ್ತಿರದಲ್ಲಿ ಸದ್ದು ಮಾಡಿದರೆ ರವೆ ಕುಣಿಯುತ್ತದೆ. ಆ ಮಗುವಿಗೂ ಮೊದಲು ಅನುಭವ, ಆಮೇಲೆ ಹೆಸರು. ದ್ವಾರ ಮಾತ್ರ ಬೇರೆ. ಪುಣ್ಯಾಶ್ರಮದಲ್ಲಿ ಕಣ್ಣಿನ ಬದಲು ಕಿವಿಯನ್ನು ತೆರೆದಂತೆ, ಇಲ್ಲಿ ಕಿವಿಯ ಬದಲು ಕೈಯನ್ನು ತೆರೆಯಬೇಕು. ವ್ಯಾಖ್ಯೆಯಿಂದ ಶುರುವಾಗುವ ಪಾಠ ಈ ಮಗುವಿಗೆ ಯಾವ ದ್ವಾರವನ್ನೂ ತೆರೆಯುವುದಿಲ್ಲ.

ಹೀಗಾಗಿ ನಮ್ಮ ಬೋಧಕರ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ವಿಜ್ಞಾನದ ಪ್ರತಿ ಪ್ರಶಿಕ್ಷಣಾರ್ಥಿಯೂ ಕನಿಷ್ಠ ಎರಡು ಪಾಠಗಳನ್ನು 'ಹೆಸರು ಕೊನೆಗೆ' ಎಂಬ ನಿಯಮದಲ್ಲಿ ಯೋಜಿಸಲಿ. ಪಾರಿಭಾಷಿಕ ಪದ ಅವಧಿಯ ಉತ್ತರಾರ್ಧದ ಮೊದಲು ಬಾಯಿಗೆ ಬರಬಾರದು, ಹಲಗೆಗೂ ಬರಬಾರದು. ಎರಡು, ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಲಿ: ಮಕ್ಕಳು ಶಿಕ್ಷಕರ ಮಾತಿಲ್ಲದೆ ತಾವೇ ಪ್ರಯತ್ನಿಸಿ ತಾವೇ ತಿದ್ದಿಕೊಂಡ ನಿಮಿಷಗಳೆಷ್ಟು? ಮೂರು, 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ನಮ್ಮ ಪತ್ರಿಕೆಯನ್ನು ಫೈಲು ತುಂಬುವುದಕ್ಕೆ ಮುಗಿಸದೆ, ಊರಿನ ಒಬ್ಬ ಪೇಟಿ ಮಾಸ್ತರನ್ನೋ ಭಜನಾ ಮೇಳವನ್ನೋ ಕರೆಸಿ, ಅವರು ಹಾಡುವುದನ್ನು ಕೇಳುವುದರ ಜೊತೆಗೆ ಅವರು ಕಲಿಸುವುದನ್ನು ನೋಡೋಣ. ಅವರು ಎಲ್ಲಿ ನಿಲ್ಲಿಸುತ್ತಾರೆ, ಎಷ್ಟು ಸಲ ಹೇಳಿಸುತ್ತಾರೆ, ಯಾವಾಗ ಬೈಯದೆ ಬಿಡುತ್ತಾರೆ ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆಯೋಣ.

ನಾವು ಎರಡು ವರ್ಷಗಳ ಬಿ.ಇಡಿ.ಯಲ್ಲಿ ಹದಿನಾರು ವಾರ ಶಾಲಾ ಇಂಟರ್ನ್‌ಶಿಪ್ ಮಾಡುತ್ತೇವೆ. ಅಷ್ಟು ದಿನಗಳಲ್ಲಿ ಒಂದು ತರಗತಿಯ ಮಕ್ಕಳು ವ್ಯಾಖ್ಯೆಗಿಂತ ಮೊದಲು ವಸ್ತುವನ್ನೇ ಕೇಳಿ, ಮುಟ್ಟಿ, ಅದರ ಬಗ್ಗೆ ತಮ್ಮದೇ ಮಾತಿನಲ್ಲಿ ಜಗಳವಾಡುವಂತೆ ಮಾಡಲು ಸಾಧ್ಯವಾದರೆ, ಮುಂದೆ ನೌಕರಿಗೆ ಸೇರಿದ ಮೇಲೂ ಆ ರೂಢಿ ನಮ್ಮ ಜೊತೆ ಉಳಿಯುತ್ತದೆ. ಮುಂದಿನ ವಾರ ನನಗೆ 'ಘರ್ಷಣೆ' ಪಾಠವಿದೆ. ಪಾಠಯೋಜನೆಯಲ್ಲಿ ಆ ಪದವನ್ನು ಇಪ್ಪತ್ತೆರಡನೆಯ ನಿಮಿಷಕ್ಕೆ ಬರೆದಿದ್ದೇನೆ. ವೀಕ್ಷಣೆಗೆ ಬರುವ ಗುರುಗಳು ದಯವಿಟ್ಟು ಅಲ್ಲಿಯವರೆಗೆ ಕಾಯಬೇಕೆಂದು ವಿನಂತಿ.